148 ಬೈಟ್ ಹೋಯಿತು, ಉತ್ತರ ಬರಲಿಲ್ಲ: ಎರಡು ರೂಟರ್ ನಡುವೆ ವೈರ್‌ಗಾರ್ಡ್

ಆಗಬೇಕಿದ್ದ ಕೆಲಸ ಇಷ್ಟು. ಒಂದು ಮನೆಯಲ್ಲಿ ಫೈಲ್‌ಗಳನ್ನು ಇಟ್ಟಿರುವ ನ್ಯಾಸ್ ಇದೆ. ಇನ್ನೊಂದು ಮನೆಯಲ್ಲಿ ಕ್ಯಾಮೆರಾಗಳು, ಒಂದು ಪ್ರಿಂಟರ್, ಒಂದು ವಿಂಡೋಸ್ ಕಂಪ್ಯೂಟರ್ ಇವೆ. ಎರಡೂ ಕಡೆಯವು ಒಂದಕ್ಕೊಂದು ಸಿಗಬೇಕು. ಹೊರಗಿದ್ದಾಗ ಫೋನ್‌ನಿಂದಲೂ ಸಿಗಬೇಕು. ಆದರೆ ಯಾವುದೂ ನೇರವಾಗಿ ಇಂಟರ್ನೆಟ್ಟಿಗೆ ತೆರೆದುಕೊಂಡಿರಬಾರದು. ನ್ಯಾಸ್‌ನ ಲಾಗಿನ್ ಪುಟಕ್ಕೆ ಪೋರ್ಟ್ ಫಾರ್ವರ್ಡ್ ಮಾಡಿದರೆ, ಅಂದರೆ ಹೊರಗಿನಿಂದ ಅದಕ್ಕೆ ನೇರ ಬಾಗಿಲು ತೆರೆದರೆ, ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಆಮೇಲೆ ಯಾವ ಬಾಟ್ ಬೇಕಾದರೂ ಬಂದು ಪಾಸ್‌ವರ್ಡ್ ಊಹಿಸುತ್ತ ಕೂರಬಹುದು. ಹಾಗಾಗಿ ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆಯೇ ಬೀಗ ಹಾಕಿದ ಖಾಸಗಿ ದಾರಿ (ಟನಲ್). ಅದೂ ರೂಟರ್‌ನಲ್ಲೇ, ಯಾಕೆಂದರೆ ಕ್ಯಾಮೆರಾ ಮತ್ತು ಪ್ರಿಂಟರ್‌ನಲ್ಲಿ ವಿಪಿಎನ್ ಆ್ಯಪ್ ಹಾಕಲು ಆಗುವುದಿಲ್ಲ.

ಎರಡೂ ಕಡೆ ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ಗೆಂದೇ ಇರುವ ಲಿನಕ್ಸ್) ಹಾಕಿದ ರೂಟರ್‌ಗಳಿವೆ. ನ್ಯಾಸ್ ಇರುವುದನ್ನು ದೊಡ್ಡ ಮನೆ, ಕ್ಯಾಮೆರಾ ಇರುವುದನ್ನು ಚಿಕ್ಕ ಮನೆ ಎಂದು ಕರೆಯುತ್ತೇನೆ. ವಿಪಿಎನ್ ಸಾಫ್ಟ್‌ವೇರ್‌ಗಳಲ್ಲಿ ಓಪನ್‌ವಿಪಿಎನ್ ಬಿಟ್ಟು ವೈರ್‌ಗಾರ್ಡ್ ಆರಿಸಿದ್ದಕ್ಕೆ ಎರಡು ಕಾರಣ. ಅದು 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಇದೆ. ಜೊತೆಗೆ ಅದು ಬಳಸುವ ಚಾಚಾ20 ಎನ್‌ಕ್ರಿಪ್ಷನ್, ಎಇಎಸ್ ಎಂಬ ಇನ್ನೊಂದು ಎನ್‌ಕ್ರಿಪ್ಷನ್‌ಗೆ ಬೇರೆ ಹಾರ್ಡ್‌ವೇರ್ ಇಲ್ಲದ ಅಗ್ಗದ ರೂಟರ್ ಚಿಪ್‌ಗಳಲ್ಲೂ ಚೆನ್ನಾಗಿ ಓಡುತ್ತದೆ.

ಮೊದಲೇ ಒಂದು ಮಾತು. ವೈರ್‌ಗಾರ್ಡ್ ತಪ್ಪಾದಾಗ ಏನೂ ಹೇಳುವುದಿಲ್ಲ. ಎರರ್ ಇಲ್ಲ, ಲಾಗ್ ಇಲ್ಲ. ಕೀ ಹೊಂದದ ಪ್ಯಾಕೆಟ್ ಬಂದರೆ ಸುಮ್ನೆ ಎಸೆದುಬಿಡುತ್ತದೆ. ಭದ್ರತೆಯ ದೃಷ್ಟಿಯಿಂದ ಅದು ಒಳ್ಳೆಯದೇ, ಹೊರಗಿನಿಂದ ಸ್ಕ್ಯಾನ್ ಮಾಡಿದವನಿಗೆ ಅಲ್ಲಿ ಏನೋ ಇದೆ ಎಂದೇ ಗೊತ್ತಾಗುವುದಿಲ್ಲ. ಹೊಂದಿಸುವವನ ಪಾಡು ಮಾತ್ರ ಬೇರೆ. ಆದ್ದರಿಂದ ಈ ದಾಖಲೆಯಲ್ಲಿ ಹಾಕಿದ್ದಕ್ಕಿಂತ ಪರೀಕ್ಷಿಸಿದ್ದೇ ಜಾಸ್ತಿ.

ಹಂತ 1: ಪಬ್ಲಿಕ್ ಐಪಿ ಇದೆಯಾ?

ರೂಟರ್‌ನ ವ್ಯಾನ್ (ಇಂಟರ್ನೆಟ್ ಕಡೆಯ) ಪುಟದಲ್ಲಿ ಕಾಣುವ ಐಪಿ, ಮತ್ತು "ನನ್ನ ಐಪಿ ಏನು" ಎಂದು ತೋರಿಸುವ ವೆಬ್‌ಸೈಟ್ ಹೇಳುವ ಐಪಿ, ಎರಡನ್ನೂ ಹೋಲಿಸಿ ನೋಡಿದೆ. ದೊಡ್ಡ ಮನೆಯಲ್ಲಿ ಎರಡೂ ಒಂದೇ. ಚಿಕ್ಕ ಮನೆಯಲ್ಲಿ ವ್ಯಾನ್ ಐಪಿ 100.84ರಿಂದ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಸಿಜಿನ್ಯಾಟ್‌ಗೆಂದೇ ಮೀಸಲು. ಅಂದರೆ ಒಂದೇ ಪಬ್ಲಿಕ್ ಐಪಿಯ ಹಿಂದೆ ಹಲವು ಗ್ರಾಹಕರು ಕೂತಿದ್ದಾರೆ, ಹೊರಗಿನಿಂದ ಆ ರೂಟರ್‌ಗೆ ನೇರವಾಗಿ ತಲುಪುವ ದಾರಿಯಿಲ್ಲ.

ಇದರಿಂದ ಕೆಲಸವೇನೂ ನಿಲ್ಲುವುದಿಲ್ಲ. ಒಂದು ತುದಿಗೆ ಪಬ್ಲಿಕ್ ಐಪಿ ಇದ್ದರೆ ಸಾಕು. ಚಿಕ್ಕ ಮನೆಯೇ ಯಾವಾಗಲೂ ಮೊದಲು ಕರೆಯಬೇಕು, ದೊಡ್ಡ ಮನೆ ಕಾಯುತ್ತಿರಬೇಕು. ಎರಡೂ ಕಡೆ ಸಿಜಿನ್ಯಾಟ್ ಆಗಿದ್ದರೆ ಐಪಿವಿ6 (ಹೊಸ ಬಗೆಯ ಐಪಿ) ಮೇಲೆ ಪ್ರಯತ್ನಿಸಬೇಕಿತ್ತು, ಇಲ್ಲವೇ ನಡುವೆ ಒಂದು ಬಾಡಿಗೆ ಸರ್ವರ್ ಇಡಬೇಕಿತ್ತು. ದೊಡ್ಡ ಮನೆಯ ಐಪಿ ಆಗಾಗ ಬದಲಾಗುವುದರಿಂದ ಒಂದು ಡೈನಾಮಿಕ್ ಡಿಎನ್‌ಎಸ್ ಹೆಸರು, ಅಂದರೆ ಸದ್ಯದ ಐಪಿ ಯಾವುದೆಂದು ಹೇಳುವ ಹೆಸರು, ಮಾಡಿಕೊಂಡೆ.

ಹಂತ 2: ವಿಳಾಸಗಳ ಲೆಕ್ಕ

ಎರಡೂ ಮನೆಯ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) 192.168.1.0/24, ಅಂದರೆ 192.168.1ರಿಂದ ಶುರುವಾಗುವ ವಿಳಾಸಗಳು. ಬಹಳಷ್ಟು ರೂಟರ್‌ಗಳು ಕಾರ್ಖಾನೆಯಿಂದಲೇ ಹೀಗೆ ಬರುತ್ತವೆ. ಎರಡೂ ಕಡೆ 192.168.1.10 ಇದ್ದರೆ ಯಾವುದು ಯಾವುದೆಂದು ರೂಟರ್‌ಗೆ ತಿಳಿಯುವುದಿಲ್ಲ, ಪಕ್ಕದಲ್ಲಿರುವುದನ್ನೇ ಹುಡುಕುತ್ತದೆ. ಒಂದು ಕಡೆ ಬದಲಿಸಿದರೆ ಎರಡು ಮನೆಗಳ ಮಟ್ಟಿಗೆ ಸಾಕಿತ್ತು. ಆದರೆ ಫೋನ್ ಹೊರಗೆ ಯಾರದ್ದೋ ವೈಫೈಗೆ ಸೇರಿದಾಗ ಅಲ್ಲಿಯೂ 192.168.1.0 ಇರುವ ಸಾಧ್ಯತೆ ತುಂಬಾ ಇದೆ. ಹಾಗಾಗಿ ಎರಡನ್ನೂ ಬದಲಿಸಿದೆ. ದೊಡ್ಡ ಮನೆ 192.168.37.0/24, ಚಿಕ್ಕ ಮನೆ 192.168.38.0/24, ಟನಲ್‌ನ ಒಳಗಿನ ವಿಳಾಸ 10.77.0.0/24.

ಇಲ್ಲಿ ಹೋದ ಸಮಯ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಪ್ರಿಂಟರ್ ಮತ್ತು ಕ್ಯಾಮೆರಾಗಳಿಗೆ ಹಿಂದೆ ಕೈಯಿಂದ ಐಪಿ ಕೊಟ್ಟಿತ್ತು. ಲ್ಯಾನ್ ಬದಲಾದ ಕೂಡಲೇ ಅವೆಲ್ಲ ಕಾಣೆ. ಲ್ಯಾಪ್‌ಟಾಪ್‌ಗೆ ತಾತ್ಕಾಲಿಕವಾಗಿ ಹಳೆಯ ಸಾಲಿನ ಐಪಿ ಕೊಟ್ಟು, ಒಂದೊಂದರ ಸೆಟ್ಟಿಂಗ್ ಪುಟಕ್ಕೂ ಹೋಗಿ ಡಿಎಚ್‌ಸಿಪಿಗೆ, ಅಂದರೆ ರೂಟರೇ ಐಪಿ ಕೊಡುವಂತೆ, ಹಾಕಿದೆ. ಖಾಯಂ ವಿಳಾಸ ಬೇಕಾದವಕ್ಕೆ ರೂಟರ್‌ನಲ್ಲೇ ಮ್ಯಾಕ್ ವಿಳಾಸ ನೋಡಿ ಐಪಿ ಕಾಯ್ದಿರಿಸಿದೆ. ಈ ಕೆಲಸಕ್ಕೆ ಮೊದಲು ರೂಟರ್‌ನ ಬ್ಯಾಕಪ್ ಫೈಲ್ ಇಳಿಸಿಕೊಳ್ಳಿ, ವೈಫೈ ಬಿಟ್ಟು ತಂತಿಯಲ್ಲೇ ಕೂರಿ.

ಹಂತ 3: ಪ್ಯಾಕೇಜ್, ಕೀ

ಎರಡೂ ರೂಟರ್‌ಗಳಲ್ಲಿ ವೈರ್‌ಗಾರ್ಡ್ ಟೂಲ್ಸ್ ಮತ್ತು ಲೂಸಿಯ (ಓಪನ್‌ಡಬ್ಲ್ಯೂಆರ್‌ಟಿಯ ವೆಬ್ ಸೆಟ್ಟಿಂಗ್ ಪುಟ) ವೈರ್‌ಗಾರ್ಡ್ ಪ್ಯಾಕೇಜ್ ಹಾಕಿದೆ. ಕರ್ನಲ್ ಮಾಡ್ಯೂಲ್ ತಾನಾಗಿಯೇ ಬರುತ್ತದೆ. ಹಾಕಿದ ಮೇಲೆ ಹೊಸ ಇಂಟರ್‌ಫೇಸ್ ಮಾಡಲು ಹೋದರೆ ಪಟ್ಟಿಯಲ್ಲಿ ವೈರ್‌ಗಾರ್ಡ್ ಎಂಬ ಹೆಸರೇ ಇರಲಿಲ್ಲ. ನೆಟ್‌ವರ್ಕ್ ಸರ್ವಿಸ್ ರೀಸ್ಟಾರ್ಟ್ ಮಾಡಿದಾಗ ಬಂತು.

ಕೀ ಜೋಡಿಯನ್ನು ಆಯಾ ಸಾಧನದಲ್ಲೇ ಹುಟ್ಟಿಸಬೇಕು. ಪ್ರೈವೇಟ್ ಕೀ ಅಲ್ಲಿಂದ ಹೊರಗೆ ಹೋಗಬಾರದು, ಪಬ್ಲಿಕ್ ಕೀ ಮಾತ್ರ ಆಚೆ ಕಡೆಗೆ ಕೊಡಬೇಕು. ಎರಡೂ 32 ಬೈಟ್‌ನವು. ಬರೆದಾಗ 44 ಅಕ್ಷರ, ಕೊನೆಯಲ್ಲಿ ಒಂದು ಸಮ ಚಿಹ್ನೆ. ಮೌಸ್‌ನಲ್ಲಿ ಎರಡು ಸಲ ಒತ್ತಿ ಕಾಪಿ ಮಾಡಿದರೆ ಆ ಸಮ ಚಿಹ್ನೆ ಎಷ್ಟೋ ಸಲ ಬಿಟ್ಟುಹೋಗುತ್ತದೆ, ನೋಡಿಕೊಳ್ಳಿ. ಇದರ ಮೇಲೆ ಎರಡೂ ಕಡೆಗೆ ಒಂದೇ ಪ್ರೀಶೇರ್ಡ್ ಕೀಯನ್ನೂ ಹಾಕಿದೆ. ಅದು ಕಡ್ಡಾಯವಲ್ಲ. ಮುಂದೆ ಕ್ವಾಂಟಂ ಕಂಪ್ಯೂಟರ್‌ಗಳು ಕರ್ವ್25519 (ಈ ಕೀಗಳ ಹಿಂದಿನ ಗಣಿತ) ಮುರಿದರೂ ಈಗಿನ ದಟ್ಟಣೆ ಓದಲು ಆಗಬಾರದು ಎಂಬ ಮುನ್ನೆಚ್ಚರಿಕೆ ಅಷ್ಟೇ.

ಓಪನ್‌ಡಬ್ಲ್ಯೂಆರ್‌ಟಿ ಪ್ರೈವೇಟ್ ಕೀಯನ್ನು ನೆಟ್‌ವರ್ಕ್ ಕಾನ್ಫಿಗ್ ಫೈಲ್‌ನಲ್ಲಿ ಹಾಗೇ ಬರೆದಿಡುತ್ತದೆ. ಅಂದರೆ ಇನ್ನು ಮುಂದೆ ತೆಗೆಯುವ ಪ್ರತಿ ಬ್ಯಾಕಪ್ ಫೈಲ್‌ನಲ್ಲೂ ಮನೆಯ ಬೀಗದ ಕೈ ಇರುತ್ತದೆ. ಅದನ್ನು ಇಮೇಲ್‌ನಲ್ಲಿ ಬಿಸಾಡಬೇಡಿ.

ಹಂತ 4: ಇಂಟರ್‌ಫೇಸ್ ಮತ್ತು ಫೈರ್‌ವಾಲ್

ದೊಡ್ಡ ಮನೆಯಲ್ಲಿ ಇಂಟರ್‌ಫೇಸ್ ವಿಳಾಸ 10.77.0.1/24, ಕೇಳುವ ಪೋರ್ಟ್ 51820. ಪಿಯರ್ (ಆಚೆ ತುದಿ) ಆಗಿ ಚಿಕ್ಕ ಮನೆಯ ಪಬ್ಲಿಕ್ ಕೀ, ಅಲೌಡ್ ಐಪಿಯಲ್ಲಿ 10.77.0.2/32 ಮತ್ತು 192.168.38.0/24. ಚಿಕ್ಕ ಮನೆಯಲ್ಲಿ ವಿಳಾಸ 10.77.0.2/24, ಪಿಯರ್ ಆಗಿ ದೊಡ್ಡ ಮನೆ, ಅಲೌಡ್ ಐಪಿಯಲ್ಲಿ 10.77.0.0/24 ಮತ್ತು 192.168.37.0/24, ಎಂಡ್‌ಪಾಯಿಂಟ್ (ಕರೆಯಬೇಕಾದ ವಿಳಾಸ) ಜಾಗದಲ್ಲಿ ಡೈನಾಮಿಕ್ ಡಿಎನ್‌ಎಸ್ ಹೆಸರು, ಕೀಪ್‌ಅಲೈವ್ 25 ಸೆಕೆಂಡ್. ಅಷ್ಟು ಹೊತ್ತಿಗೊಮ್ಮೆ ಹೋಗುವ ಆ ಚಿಕ್ಕ ಪ್ಯಾಕೆಟ್ ಸಿಜಿನ್ಯಾಟ್‌ನಲ್ಲಿ ದಾರಿ ಮುಚ್ಚಿಹೋಗದಂತೆ ನೋಡಿಕೊಳ್ಳುತ್ತದೆ.

ಅಲೌಡ್ ಐಪಿ ಎಂಬುದು ಎರಡು ಕೆಲಸ ಮಾಡುತ್ತದೆ. ಹೊರಗೆ ಹೋಗುವಾಗ ಯಾವ ವಿಳಾಸಕ್ಕೆ ಯಾವ ಪಿಯರ್ ಎಂದು ಅದರಿಂದ ನಿರ್ಧಾರವಾಗುತ್ತದೆ. ಒಳಗೆ ಬರುವಾಗ ಆ ಪಿಯರ್‌ನಿಂದ ಯಾವ ವಿಳಾಸದ ಪ್ಯಾಕೆಟ್ ಒಪ್ಪಬೇಕು ಎಂಬುದೂ ಅದರಿಂದಲೇ. ಒಂದೇ ವಿಳಾಸವನ್ನು ಇಬ್ಬರು ಪಿಯರ್‌ಗಳಿಗೆ ಕೊಟ್ಟರೆ ಕೊನೆಯಲ್ಲಿ ಬಂದವನಿಗೆ ಅದು ಸೇರುತ್ತದೆ. ಮೊದಲಿನವನಿಂದ ಹೇಳದೆ ಕೇಳದೆ ಕಿತ್ತುಕೊಂಡಂತೆ.

ಫೈರ್‌ವಾಲ್‌ನಲ್ಲಿ ದೊಡ್ಡ ಮನೆಗೆ ಒಂದೇ ರೂಲ್: ವ್ಯಾನ್‌ನಿಂದ ಈ ಸಾಧನಕ್ಕೆ, ಯುಡಿಪಿ, 51820, ಒಪ್ಪು. ಇದನ್ನು ಪೋರ್ಟ್ ಫಾರ್ವರ್ಡ್ ಪುಟದಲ್ಲಿ ಹಾಕುವವರಿದ್ದಾರೆ. ಪ್ಯಾಕೆಟ್ ಬರುವುದು ರೂಟರ್‌ಗೇ ಆದ್ದರಿಂದ ಅದು ಟ್ರಾಫಿಕ್ ರೂಲ್ ಪುಟದಲ್ಲಿರಬೇಕು. ರೂಟರ್‌ನ ಮುಂದೆ ಇನ್ನೊಂದು ಮೋಡೆಮ್ ರೂಟರ್ ಇದ್ದರೆ ಮಾತ್ರ ಅದರಲ್ಲಿ ಫಾರ್ವರ್ಡ್ ಬೇಕು. ಆಮೇಲೆ ಎರಡೂ ಕಡೆ ಟನಲ್‌ಗೆ ಬೇರೆ ಜೋನ್ ಮಾಡಿ, ಅದರಿಂದ ಲ್ಯಾನ್‌ಗೆ ಮತ್ತು ಲ್ಯಾನ್‌ನಿಂದ ಅದಕ್ಕೆ ದಾರಿ ಬಿಟ್ಟೆ. ಮಾಸ್ಕರೇಡಿಂಗ್ ಹಾಕಲಿಲ್ಲ. ಹಾಕಿದರೆ ನ್ಯಾಸ್‌ನ ಲಾಗ್‌ನಲ್ಲಿ ಎಲ್ಲರೂ ರೂಟರ್ ಹೆಸರಿನಲ್ಲೇ ಬಂದಂತೆ ಕಾಣುತ್ತದೆ. ಯಾರು ಬಂದರು ಎಂದು ಆಮೇಲೆ ಹುಡುಕಲು ಆಗುವುದಿಲ್ಲ.

ಹಂತ 5: 148, 296, 444

ಟನಲ್ ಬರಲಿಲ್ಲ. ಚಿಕ್ಕ ಮನೆಯ ರೂಟರ್‌ನಲ್ಲಿ 'ಡಬ್ಲ್ಯೂಜಿ ಶೋ' ಕಮಾಂಡ್ ಕೊಟ್ಟು ನೋಡಿದೆ. ಕೊನೆಯ ಹ್ಯಾಂಡ್‌ಶೇಕ್ (ಎರಡು ತುದಿಗಳು ಪರಸ್ಪರ ಗುರುತಿಸಿಕೊಳ್ಳುವುದು) ಎಂಬ ಸಾಲೇ ಇಲ್ಲ. ಬಂದದ್ದು 0, ಹೋದದ್ದು 148 ಬೈಟ್. ಸ್ವಲ್ಪ ಬಿಟ್ಟು ನೋಡಿದರೆ 296, ಆಮೇಲೆ 444.

ಈ ಅಂಕಿಗಳೇ ಸುಳಿವು. ವೈರ್‌ಗಾರ್ಡ್‌ನ ಮೊದಲ ಹ್ಯಾಂಡ್‌ಶೇಕ್ ಪ್ಯಾಕೆಟ್ ಸರಿಯಾಗಿ 148 ಬೈಟ್ ಇರುತ್ತದೆ. ಉತ್ತರ ಬಾರದಿದ್ದರೆ ಸುಮಾರು 5 ಸೆಕೆಂಡಿಗೊಮ್ಮೆ ಮತ್ತೆ ಕಳಿಸುತ್ತದೆ. ಉತ್ತರದ ಪ್ಯಾಕೆಟ್ 92 ಬೈಟ್, ಕೀಪ್‌ಅಲೈವ್ 32 ಬೈಟ್. ಹಾಗಾಗಿ ಒಳಗೇನಿದೆ ಎಂದು ಓದಲಾಗದಿದ್ದರೂ ಪ್ಯಾಕೆಟ್ ಉದ್ದ ನೋಡಿಯೇ ಎಲ್ಲಿ ನಿಂತಿದೆ ಎಂದು ಹೇಳಬಹುದು.

ದೊಡ್ಡ ಮನೆಯ ರೂಟರ್‌ನಲ್ಲಿ ಟಿಸಿಪಿಡಂಪ್ (ಬರುವ ಹೋಗುವ ಪ್ಯಾಕೆಟ್ ತೋರಿಸುವ ಕಮಾಂಡ್) ಹಾಕಿ ವ್ಯಾನ್ ಮೇಲೆ ಯುಡಿಪಿ 51820 ಮಾತ್ರ ನೋಡಿದೆ. 148 ಏನೂ ಕಾಣದಿದ್ದರೆ ದಾರಿಯಲ್ಲೇ ತೊಂದರೆ: ಮುಂದಿನ ಮೋಡೆಮ್, ತಪ್ಪು ಐಪಿ, ಇಂಥದ್ದು. 148 ಕಂಡು 92 ಹೊರಡದಿದ್ದರೆ ಮೊದಲು ಫೈರ್‌ವಾಲ್ ರೂಲ್ ನೋಡಬೇಕು, ಆಮೇಲೆ ಕೀ. ಟಿಸಿಪಿಡಂಪ್ ಫೈರ್‌ವಾಲ್‌ಗಿಂತ ಮುಂಚೆಯೇ ಪ್ಯಾಕೆಟ್ ನೋಡುವುದರಿಂದ ಅದರಲ್ಲಿ ಕಂಡ ಮಾತ್ರಕ್ಕೆ ವೈರ್‌ಗಾರ್ಡ್‌ಗೆ ತಲುಪಿದೆ ಎಂದಲ್ಲ. ನನಗೆ 148 ಬರುತ್ತಿತ್ತು, 92 ಹೊರಡುತ್ತಿರಲಿಲ್ಲ. ರೂಲ್‌ನ ಕೌಂಟರ್ ಏರುತ್ತಿತ್ತು, ಅಂದರೆ ಫೈರ್‌ವಾಲ್ ದಾಟಿದೆ. ಉಳಿದದ್ದು ಕೀ. ದೊಡ್ಡ ಮನೆಯ ರೂಟರ್‌ನಲ್ಲಿ, ಚಿಕ್ಕ ಮನೆಯ ಪಿಯರ್ ಜಾಗದಲ್ಲಿ ದೊಡ್ಡ ಮನೆಯದ್ದೇ ಪಬ್ಲಿಕ್ ಕೀ ಕೂತಿತ್ತು. ಸರಿ ಮಾಡಿದ ಕೂಡಲೇ ಹ್ಯಾಂಡ್‌ಶೇಕ್ ಆಯಿತು.

ಹಂತ 6: ಟನಲ್ ಇದೆ, ನ್ಯಾಸ್ ಇಲ್ಲ

10.77.0.1ಕ್ಕೆ ಪಿಂಗ್ ಹೋಗುತ್ತದೆ, 192.168.37ರಲ್ಲಿರುವ ನ್ಯಾಸ್‌ಗೆ ಹೋಗುವುದಿಲ್ಲ. ಇದಕ್ಕೆ ಕಾರಣ ಪಿಯರ್ ಪುಟದಲ್ಲಿರುವ 'ರೂಟ್ ಅಲೌಡ್ ಐಪೀಸ್' ಎಂಬ ಟಿಕ್. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಅದು ತಾನಾಗಿ ಹಾಕಿರುವುದಿಲ್ಲ. ಅಲೌಡ್ ಐಪಿಯಲ್ಲಿ ಬರೆದರೆ ವೈರ್‌ಗಾರ್ಡ್‌ಗೆ ಗೊತ್ತಾಗುತ್ತದೆ, ಆದರೆ ಆ ಪ್ಯಾಕೆಟ್ ವೈರ್‌ಗಾರ್ಡ್‌ವರೆಗೆ ಬರಲು ಕರ್ನಲ್‌ನ ರೂಟ್ ಪಟ್ಟಿಯಲ್ಲೂ ಸಾಲು ಬೇಕಲ್ವಾ? 10.77.0.x ಇಂಟರ್‌ಫೇಸ್ ವಿಳಾಸದಿಂದಲೇ ರೂಟ್ ಪಡೆದಿತ್ತು, ಅದಕ್ಕೇ ಅದೊಂದು ನಡೆಯುತ್ತಿತ್ತು. ಎರಡೂ ಕಡೆ ಟಿಕ್ ಹಾಕಿದೆ, ನ್ಯಾಸ್ ಸಿಕ್ಕಿತು.

ಈ ಟಿಕ್ ಹಾಕುವ ಮುಂಚೆ ಅಲೌಡ್ ಐಪಿಯನ್ನು ಇನ್ನೊಮ್ಮೆ ಓದಿ. ಸರ್ವರ್ ಕಡೆ ಫೋನ್‌ನ ಪಿಯರ್‌ಗೆ 0.0.0.0/0 ಬರೆದು ಇದನ್ನು ಹಾಕಿದರೆ, ಇಡೀ ಮನೆಯ ಇಂಟರ್ನೆಟ್ ಫೋನ್ ಕಡೆಗೆ ಹೊರಟುಬಿಡಬಹುದು. ಸರ್ವರ್ ಕಡೆ ಫೋನ್‌ಗೆ ಅದರ ಒಂದೇ ಒಂದು ವಿಳಾಸ, /32, ಅಷ್ಟೇ.

ದೊಡ್ಡ ಮನೆಯಿಂದ ಚಿಕ್ಕ ಮನೆಯ ವಿಂಡೋಸ್ ಕಂಪ್ಯೂಟರ್‌ಗೆ ಮಾತ್ರ ಆಮೇಲೂ ಪಿಂಗ್ ಹೋಗಲಿಲ್ಲ. ಪಕ್ಕದ ಪ್ರಿಂಟರ್‌ಗೆ ಹೋಗುತ್ತಿತ್ತು. ಅದು ವಿಂಡೋಸ್ ಫೈರ್‌ವಾಲ್ ಕೆಲಸ. ತನ್ನ ಸಬ್‌ನೆಟ್‌ನ ಹೊರಗಿನವರಿಗೆ ಅದು ತಾನಾಗಿ ಉತ್ತರ ಕೊಡುವುದಿಲ್ಲ. ಅಲ್ಲಿನ ರೂಲ್‌ಗೆ 192.168.37.0/24 ಸೇರಿಸಬೇಕು. ಟನಲ್ ಪರೀಕ್ಷೆಗೆ ವಿಂಡೋಸ್ ಯಂತ್ರವನ್ನು ಆರಿಸದಿದ್ದರೆ ಒಳ್ಳೆಯದು.

ಹಂತ 7: ಅರ್ಧ ತೆರೆಯುವ ಪುಟ

ಪಿಂಗ್ ಸರಿ, ಎಸ್‌ಎಸ್‌ಎಚ್ ಲಾಗಿನ್ ಸರಿ. ನ್ಯಾಸ್‌ನ ವೆಬ್ ಪುಟ ಅರ್ಧ ಬಂದು ನಿಲ್ಲುತ್ತದೆ, ದೊಡ್ಡ ಫೈಲ್ ಕಾಪಿ ಸಿಕ್ಕಿಕೊಳ್ಳುತ್ತದೆ. ಹೀಗಾದರೆ ನೇರವಾಗಿ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಎಂಬ ಮಿತಿ, ನೋಡಬೇಕು. ತೊಡಕೆಂದರೆ ಕೆಲವೊಮ್ಮೆ ಎಲ್ಲ ಸರಿಯಾಗಿಯೇ ಇರುತ್ತಿತ್ತು.

ಲೆಕ್ಕ ಹೀಗಿದೆ. ವೈರ್‌ಗಾರ್ಡ್ ತನ್ನದೆಂದು 32 ಬೈಟ್ ಸೇರಿಸುತ್ತದೆ, ಯುಡಿಪಿ 8, ಹೊರಗಿನ ಐಪಿ ಹೆಡರ್ ಐಪಿವಿ4 ಆದರೆ 20, ಐಪಿವಿ6 ಆದರೆ 40. ಒಟ್ಟು 60 ಅಥವಾ 80. ಅದಕ್ಕೇ ವೈರ್‌ಗಾರ್ಡ್ ತಾನಾಗಿ 1420 ಇಟ್ಟುಕೊಳ್ಳುತ್ತದೆ, 1500ರಲ್ಲಿ 80 ಕಳೆದು. ಆದರೆ ಚಿಕ್ಕ ಮನೆಯ ಲೈನ್ ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಇಂಟರ್ನೆಟ್ ಸೇರುವ ಬಗೆ). ಅದು 8 ಬೈಟ್ ತಿನ್ನುತ್ತದೆ, ಉಳಿಯುವುದು 1492. ಟನಲ್ ಐಪಿವಿ4 ಮೇಲೆ ಹೋದರೆ 1420ಕ್ಕೆ 60 ಸೇರಿ 1480, ಆರಾಮವಾಗಿ ಹಿಡಿಸುತ್ತದೆ. ಐಪಿವಿ6 ಮೇಲೆ ಹೋದರೆ 1500, ಹಿಡಿಸುವುದಿಲ್ಲ. ಆಗ ಪ್ಯಾಕೆಟ್ ತುಂಡಾಗಬೇಕು. ಆ ತುಂಡುಗಳು ದಾರಿಯಲ್ಲಿ ಎಲ್ಲೋ ಬಿದ್ದುಹೋಗುತ್ತಿದ್ದವು. ನನ್ನ ಡಿಎನ್‌ಎಸ್ ಹೆಸರಿಗೆ ಎರಡೂ ಬಗೆಯ ವಿಳಾಸ ಇದ್ದುದರಿಂದ ಟನಲ್ ಯಾವ ಸಲ ಯಾವುದನ್ನು ಹಿಡಿಯುತ್ತದೋ ಅದರಂತೆ ಫಲ. 'ಡಬ್ಲ್ಯೂಜಿ ಶೋ'ದಲ್ಲಿ ಎಂಡ್‌ಪಾಯಿಂಟ್ ಸಾಲು ನೋಡಿದಾಗಲೇ ಇದು ಹೊಳೆದದ್ದು. ಅದಕ್ಕೂ ಮುಂಚೆ ಕೇಬಲ್ ಬದಲಿಸಿದ್ದೆ, ನ್ಯಾಸ್ ರೀಬೂಟ್ ಮಾಡಿದ್ದೆ, ಎಲ್ಲ ದಂಡ.

ಎರಡೂ ಕಡೆ ಎಂಟಿಯು 1412 ಇಟ್ಟೆ, ಫೈರ್‌ವಾಲ್ ಜೋನ್‌ನಲ್ಲಿ ಎಂಎಸ್‌ಎಸ್ ಕ್ಲಾಂಪಿಂಗ್ (ಟಿಸಿಪಿ ಪ್ಯಾಕೆಟ್‌ಗಳನ್ನು ಆ ಮಿತಿಗೆ ತಗ್ಗಿಸುವುದು) ಟಿಕ್ ಹಾಕಿದೆ. ಪರೀಕ್ಷೆ: ಲ್ಯಾಪ್‌ಟಾಪ್‌ನಿಂದ "ತುಂಡು ಮಾಡಬೇಡ" ಎಂಬ ಆಯ್ಕೆಯೊಂದಿಗೆ ನ್ಯಾಸ್‌ಗೆ ಪಿಂಗ್. 1384 ಬೈಟ್ ಹೋಗಬೇಕು, 1385 ಹೋಗಬಾರದು. ಪಿಂಗ್‌ನ 28 ಬೈಟ್ ಹೆಡರ್ ಸೇರಿದರೆ 1412 ಆಗುತ್ತದೆ. ಹಾಗೇ ಆಯಿತು.

ಹಂತ 8: ಕರೆಂಟ್ ಹೋಗಿ ಬಂದ ಮೇಲೆ

ಎಲ್ಲಕ್ಕಿಂತ ಹೆಚ್ಚು ತಲೆ ತಿಂದದ್ದು ಇದು.

ದೊಡ್ಡ ಮನೆಯ ಸಾಧನಗಳನ್ನು ಹೆಸರಿನಿಂದಲೇ ಕರೆಯೋಣ ಎಂದು ಚಿಕ್ಕ ಮನೆಯ ರೂಟರ್‌ನ ಡಿಎನ್‌ಎಸ್ (ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ಅನ್ನು 10.77.0.1ಕ್ಕೆ ತಿರುಗಿಸಿದ್ದೆ. ಚೆನ್ನಾಗಿಯೇ ನಡೆಯುತ್ತಿತ್ತು. ಚಿಕ್ಕ ಮನೆಯಲ್ಲಿ ಕರೆಂಟ್ ಹೋಗಿ ಬಂತು, ಟನಲ್ ಬರಲಿಲ್ಲ. ಅಲ್ಲಿ ವೆಬ್‌ಸೈಟ್‌ಗಳೂ ತೆರೆಯಲಿಲ್ಲ. ದೂರದಿಂದ ಮಾಡುವಂಥದ್ದೇನೂ ಉಳಿದಿರಲಿಲ್ಲ, ಅಲ್ಲಿಗೇ ಹೋಗಬೇಕಾಯಿತು.

ಮೊದಲ ಗಂಟು ಸುಲಭ. ಟನಲ್ ಏಳಲು ಎಂಡ್‌ಪಾಯಿಂಟ್‌ನ ಹೆಸರಿಗೆ ಐಪಿ ಬೇಕು. ಅದಕ್ಕೆ ಡಿಎನ್‌ಎಸ್ ಬೇಕು. ಡಿಎನ್‌ಎಸ್ ಇರುವುದು ಟನಲ್‌ನ ಆಚೆ. ಎಂಡ್‌ಪಾಯಿಂಟ್ ಜಾಗದಲ್ಲಿ ಕೈಯಿಂದಲೇ ಐಪಿ ಹಾಕಿದೆ. ಈಗ 148 ಹೊರಟಿತು. ಆದರೆ 92 ಬರಲಿಲ್ಲ. ಕೀ ಯಾರೂ ಮುಟ್ಟಿಲ್ಲ, ಫೈರ್‌ವಾಲ್ ಮುಟ್ಟಿಲ್ಲ. ದೊಡ್ಡ ಮನೆಗೆ ಪ್ಯಾಕೆಟ್ ತಲುಪುತ್ತಿದೆ.

ಎರಡನೆಯ ಗಂಟು ಗಡಿಯಾರ. ಪ್ರತಿ ಹ್ಯಾಂಡ್‌ಶೇಕ್ ಒಳಗೆ ಕಳಿಸಿದವನ ಸಮಯ ಇರುತ್ತದೆ. ಹಳೆಯ ಪ್ಯಾಕೆಟ್ ಕದ್ದಿಟ್ಟುಕೊಂಡು ಯಾರೋ ಮತ್ತೆ ಕಳಿಸಬಾರದು ಎಂದು, ಹಿಂದೆ ಕಂಡ ಸಮಯಕ್ಕಿಂತ ಮುಂದಿನದ್ದನ್ನು ಮಾತ್ರ ಆಚೆ ತುದಿ ಒಪ್ಪುತ್ತದೆ. ಇಂಥ ರೂಟರ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಸಾಮಾನ್ಯವಾಗಿ ಇರುವುದಿಲ್ಲ. ಬೂಟ್ ಆದಾಗ ಓಪನ್‌ಡಬ್ಲ್ಯೂಆರ್‌ಟಿ ಸೆಟ್ಟಿಂಗ್ ಫೋಲ್ಡರ್‌ನ ಅತಿ ಹೊಸ ಫೈಲ್‌ನ ತಾರೀಕನ್ನೇ ಸದ್ಯದ ಸಮಯ ಎಂದುಕೊಳ್ಳುತ್ತದೆ, ಆಮೇಲೆ ಎನ್‌ಟಿಪಿಯಿಂದ (ಇಂಟರ್ನೆಟ್‌ನಲ್ಲಿ ಸರಿಯಾದ ಸಮಯ ಹೇಳುವ ಸೇವೆ) ಸರಿಪಡಿಸಿಕೊಳ್ಳುತ್ತದೆ. ನಾನು ಕೊನೆಯ ಸಲ ಸೆಟ್ಟಿಂಗ್ ಬದಲಿಸಿದ ದಿನದಲ್ಲೇ ಆ ರೂಟರ್ ನಿಂತಿತ್ತು. ಎನ್‌ಟಿಪಿ ಸರ್ವರ್‌ನ ಹೆಸರು ಹುಡುಕಲು ಮತ್ತೆ ಅದೇ ಡಿಎನ್‌ಎಸ್ ಬೇಕು. ಕೈಯಿಂದ ತಾರೀಕು, ಸಮಯ ಹಾಕಿದೆ. ಮುಂದಿನ ಹ್ಯಾಂಡ್‌ಶೇಕ್‌ಗೇ ಉತ್ತರ ಬಂತು.

ಸರಿಪಡಿಸಿದ ರೀತಿ: ರೂಟರ್‌ನ ಮುಖ್ಯ ಡಿಎನ್‌ಎಸ್ ಅನ್ನು ಮೊದಲಿನಂತೆ ಇಂಟರ್ನೆಟ್ ಕಂಪನಿಯದ್ದಕ್ಕೇ ಬಿಟ್ಟೆ. ದೊಡ್ಡ ಮನೆಯ ಒಳಗಿನ ಹೆಸರುಗಳನ್ನು ಮಾತ್ರ 10.77.0.1ಕ್ಕೆ ಕೇಳುವಂತೆ ಡಿಎನ್‌ಎಸ್‌ಮಾಸ್ಕ್‌ನಲ್ಲಿ (ರೂಟರ್‌ನ ಡಿಎನ್‌ಎಸ್ ಸಾಫ್ಟ್‌ವೇರ್) ಒಂದು ಸಾಲು ಸೇರಿಸಿದೆ. ಆಗಲೂ ಹೆಸರು ಸಿಗಲಿಲ್ಲ, ಲಾಗ್‌ನಲ್ಲಿ ಡಿಎನ್‌ಎಸ್ ರೀಬೈಂಡ್ ಎಚ್ಚರಿಕೆ ಇತ್ತು. ಹೊರಗಿನ ಡಿಎನ್‌ಎಸ್ ಒಂದು ಖಾಸಗಿ ಐಪಿ ಹೇಳಿದರೆ ಡಿಎನ್‌ಎಸ್‌ಮಾಸ್ಕ್ ಅದನ್ನು ದಾಳಿ ಎಂದುಕೊಂಡು ಎಸೆಯುತ್ತದೆ. ಆ ಡೊಮೈನ್ ಒಂದಕ್ಕೆ ವಿನಾಯಿತಿ ಕೊಟ್ಟೆ. ಪೂರ್ತಿ ರಕ್ಷಣೆಯನ್ನೇ ಆಫ್ ಮಾಡುವುದು ಬೇಡ. ನಂತರ ಬೇಕೆಂದೇ ಪ್ಲಗ್ ಕಿತ್ತು, ಹಾಕಿ ನೋಡಿದೆ. ತಾನಾಗಿ ಎದ್ದಿತು.

ಹಂತ 9: ಫೋನ್

ಇದು ಬೇಗ ಮುಗಿಯಿತು. ಲೂಸಿ ಕ್ಯೂಆರ್ ಕೋಡ್ ತೋರಿಸುತ್ತದೆ, ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆಯಿತು. ಇಲ್ಲಿ ಮಾತ್ರ ಪ್ರೈವೇಟ್ ಕೀ ರೂಟರ್‌ನಲ್ಲಿ ಹುಟ್ಟಿ ಆ ಕೋಡ್‌ನಲ್ಲೇ ಫೋನ್‌ಗೆ ಹೋಗುತ್ತದೆ, ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಇಡಬೇಡಿ. ಫೋನ್ ಕಡೆಯ ಅಲೌಡ್ ಐಪಿಯಲ್ಲಿ ಎರಡು ಲ್ಯಾನ್ ಮತ್ತು 10.77.0.0/24 ಹಾಕಿದೆ, ಚಿಕ್ಕ ಮನೆಯ ಕ್ಯಾಮೆರಾ ದೊಡ್ಡ ಮನೆಯ ಮೂಲಕವೇ ಸಿಗುತ್ತದೆ. ಟನಲ್ ಜೋನ್‌ನಲ್ಲಿ ಒಳಗಿಂದೊಳಗೇ ದಾಟಿಸುವ ಅನುಮತಿ ಅದಕ್ಕೆ ಬೇಕು. ಹೊರಗಿನ ವೈಫೈಗೆಂದು ಎರಡನೆಯ ಪ್ರೊಫೈಲ್ ಮಾಡಿ ಎಲ್ಲವನ್ನೂ ಟನಲ್‌ನಲ್ಲಿ ಕಳಿಸುವುದಾದರೆ 0.0.0.0/0 ಜೊತೆ ::/0 ಕೂಡ ಬರೆಯಬೇಕು, ಇಲ್ಲದಿದ್ದರೆ ಐಪಿವಿ6 ದಟ್ಟಣೆ ಪಕ್ಕದಿಂದ ಹೊರಗೆ ಹೋಗುತ್ತದೆ.

ಹಂತ 10: ಉಳಿದದ್ದು

ವೈರ್‌ಗಾರ್ಡ್ ಎಂಡ್‌ಪಾಯಿಂಟ್ ಹೆಸರನ್ನು ಶುರುವಿನಲ್ಲಿ ಒಂದು ಸಲ ಮಾತ್ರ ಹುಡುಕುತ್ತದೆ. ದೊಡ್ಡ ಮನೆಯ ಐಪಿ ಬದಲಾದರೆ ಚಿಕ್ಕ ಮನೆ ಹಳೆಯದಕ್ಕೇ ಕರೆಯುತ್ತ ಕೂರುತ್ತದೆ. ಇದಕ್ಕೆಂದೇ ಓಪನ್‌ಡಬ್ಲ್ಯೂಆರ್‌ಟಿ ಪ್ಯಾಕೇಜ್ ಜೊತೆ ವೈರ್‌ಗಾರ್ಡ್ ವಾಚ್‌ಡಾಗ್ ಎಂಬ ಸ್ಕ್ರಿಪ್ಟ್ ಬರುತ್ತದೆ. ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ನಿಮಿಷಕ್ಕೊಮ್ಮೆ ಹಾಕಿದ್ದೇನೆ. ಕೊನೆಯ ಹ್ಯಾಂಡ್‌ಶೇಕ್ 150 ಸೆಕೆಂಡಿಗಿಂತ ಹಳೆಯದಾಗಿದ್ದರೆ ಅದು ಹೆಸರನ್ನು ಹೊಸದಾಗಿ ಹುಡುಕುತ್ತದೆ.

ವೇಗ ಅಳೆಯುವಾಗ ಐಪರ್ಫ್ ಅನ್ನು ರೂಟರ್‌ನಲ್ಲೇ ಓಡಿಸಬೇಡಿ. ಎನ್‌ಕ್ರಿಪ್ಷನ್‌ಗೆ ಬೇಕಾದ ಸಿಪಿಯು ಅದೇ ತಿಂದುಬಿಡುತ್ತದೆ. ರೂಟರ್‌ನ ಹಿಂದಿನ ಎರಡು ಕಂಪ್ಯೂಟರ್‌ಗಳ ನಡುವೆ ಅಳೆಯಿರಿ. ನನ್ನಲ್ಲಿ ಸಿಪಿಯು ಪೂರ್ತಿ ಬಳಕೆಯಾಗುವ ಮುಂಚೆಯೇ ಚಿಕ್ಕ ಮನೆಯ ಅಪ್‌ಲೋಡ್ ಮಿತಿ ಬಂತು, ಹಾಗಾಗಿ ರೂಟರ್ ಬದಲಿಸುವ ಯೋಚನೆ ಬಿಟ್ಟೆ.

ಇನ್ನು ದೂರದ ರೂಟರ್‌ನಲ್ಲಿ ಏನಾದರೂ ಬದಲಿಸುವ ಮುಂಚೆ ನಾನು ಹೀಗೆ ಮಾಡುತ್ತೇನೆ. ನೆಟ್‌ವರ್ಕ್ ಫೈಲ್‌ನ ಒಂದು ಪ್ರತಿ ಇಟ್ಟು, ಹತ್ತು ನಿಮಿಷದ ನಂತರ ಆ ಪ್ರತಿಯನ್ನು ವಾಪಸ್ ತಂದು ನೆಟ್‌ವರ್ಕ್ ರೀಸ್ಟಾರ್ಟ್ ಮಾಡುವ ಕಮಾಂಡ್ ಅನ್ನು ಹಿನ್ನೆಲೆಯಲ್ಲಿ ಓಡಲು ಬಿಡುತ್ತೇನೆ. ಬದಲಾವಣೆ ಸರಿಯಾಗಿದ್ದರೆ ಒಳಗೆ ಬಂದು ಆ ಕಮಾಂಡ್ ನಿಲ್ಲಿಸುತ್ತೇನೆ. ಟನಲ್ ಒಳಗೆ ಐಪಿವಿ6 ವಿಳಾಸ ಕೊಡುವುದು ಬಾಕಿ ಇದೆ, ಅದನ್ನೂ ಹೀಗೇ ಮಾಡುವುದು.